ಸಟವಿ ಬರೆಯುವ ಮೊದಲಿನ ರಕ್ತ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಶಹಾಬಾದಿನ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಕುಡಿಯುತ್ತಾರೆ, ನನ್ನ ಮಂಡಿನೋವಿನ ಬಗ್ಗೆ ವಿಚಾರಿಸುತ್ತಾರೆ, ಕೊನೆಗೆ ಬಂದ ಕಾರಣ ಹೊರಬೀಳುತ್ತದೆ.

“ರಜಿಯಾ ಸಿಸ್ಟರ್, ಪೆಟ್ಟಿಗಿಯೊಳಗ ಐಸ್ ಎಷ್ಟು ಹಾಕಬೇಕ್ರಿ?”

ಹಾಕಲೇಬೇಡಿ. ನನ್ನ ಸರ್ವಿಸಿನ ಸಾರವೆಲ್ಲ ಇಷ್ಟೇ. ಇದು ಅರ್ಥವಾದವರು ಇಲ್ಲಿಗೇ ಓದು ನಿಲ್ಲಿಸಿ ಮನೆಗೆಲಸ ನೋಡಿಕೊಳ್ಳಬಹುದು. ಯಾಕೆ ಹಾಕಬಾರದು ಎಂದು ಕೇಳುವ ತಲೆನೋವಿನವರಿಗೆ ಮಾತ್ರ ಮುಂದಿನದನ್ನು ಬರೆಯುತ್ತಿದ್ದೇನೆ.

ನಾನು ಮೊದಲು ವಾಡಿಯ ಒಂದು ಕಾರ್ಖಾನೆ ದವಾಖಾನೆಯಲ್ಲಿ ಹೆರಿಗೆ ನರ್ಸ್ ಆಗಿದ್ದೆ. ಆಮೇಲೆ ಹೊಕ್ಕುಳಬಳ್ಳಿಯ ರಕ್ತ ಕಾದಿಡುವ ಕಂಪನಿಯೊಂದು ಈ ಭಾಗಕ್ಕೂ ಕಾಲಿಟ್ಟಿತು. ಕೂಸು ಹುಟ್ಟಿ ಬಳ್ಳಿ ಕತ್ತರಿಸಿದ ಮೇಲೆ ಬಳ್ಳಿಯಲ್ಲೂ ಮಾಸಿನಲ್ಲೂ ಸ್ವಲ್ಪ ರಕ್ತ ಉಳಿಯುತ್ತದೆ. ಅದನ್ನು ಒಂದು ಚೀಲಕ್ಕೆ ಇಳಿಸಿಕೊಂಡು, ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಹೈದರಾಬಾದಿನ ಲ್ಯಾಬಿಗೆ ಮುಟ್ಟಿಸುವುದು ನನ್ನ ಕೆಲಸ. ಆ ರಕ್ತದಲ್ಲಿ ಕಾಂಡಕೋಶಗಳಿರುತ್ತವೆ. ಮೈಯ ಕೆಂಪು ರಕ್ತ, ಬಿಳಿ ರಕ್ತ ಎಲ್ಲಕ್ಕೂ ತಾಯಿಯಂಥವು. ಅವನ್ನು ಬೇರ್ಪಡಿಸಿ, ಹೆಪ್ಪುಗಟ್ಟಿಸಿ, ದ್ರವ ಸಾರಜನಕದೊಳಗೆ ವರ್ಷಗಟ್ಟಲೆ ಇಡುತ್ತಾರೆ. ಮುಂದೆ ರಕ್ತದ ದೊಡ್ಡ ರೋಗ ಬಂದರೆ ಬೇಕಾದೀತು ಎಂದು.

ನಮ್ಮ ಕಡೆ ಮಾಸನ್ನು ನಾಯಿ ಮುಟ್ಟಬಾರದೆಂದು ಹಿತ್ತಲಿನಲ್ಲಿ ಆಳವಾಗಿ ಹೂಳುತ್ತಿದ್ದರು. ಬಿದ್ದ ಹೊಕ್ಕುಳನ್ನು ಒಣಗಿಸಿ ಬೆಳ್ಳಿ ತಾಯಿತದಲ್ಲಿ ಹಾಕಿ ಕೂಸಿನ ಸೊಂಟಕ್ಕೆ ಕಟ್ಟುವವರೂ ಇದ್ದರು. ಅದನ್ನು ಮೂಢನಂಬಿಕೆ ಎಂದು ನಗುತ್ತಿದ್ದ ಜನರೇ, ಬೆಳ್ಳಿಯ ಬದಲು ಸಾರಜನಕ ಬಂದ ಕೂಡಲೇ ಅದನ್ನು ವಿಜ್ಞಾನವೆಂದು ಒಪ್ಪಿ ಸಹಿ ಹಾಕಿದರು. ನಾನೂ ಅದರ ಸಂಬಳ ತಿಂದವಳು, ಹೆಚ್ಚು ಮಾತಾಡಬಾರದು.

ನಮ್ಮ ಏರಿಯಾ ಮ್ಯಾನೇಜರ್ ಶಹಾಬಾದಿನ ಮೇ ತಿಂಗಳಲ್ಲೂ ಟೈ ಕಟ್ಟುತ್ತಿದ್ದ. ಕಲ್ಲುಗಣಿಯ ಬಿಸಿಗಾಳಿಗೆ ಊರಿನ ನಾಯಿಗಳೆಲ್ಲ ಮೋರಿಯೊಳಗೆ ಮಲಗಿರುವಾಗ ಈತ ಮಾತ್ರ ಬ್ರೋಶರ್ ಹಿಡಿದು ಬಸುರಿಯರ ಮನೆ ತಿರುಗುತ್ತಿದ್ದ. ಬ್ರೋಶರಿನ ಮೇಲೆ ನೀಲಿ ಕಣ್ಣಿನ ಕೂಸು. ಚಿತ್ತಾಪುರದ ಒಬ್ಬ ಸೊಸೆ ಅದನ್ನು ನೋಡಿ, “ಇದು ಹಾಕಿಸಿಕೊಂಡ್ರ ಇಂಥಾ ಕೂಸು ಹುಟ್ತದೇನ್ರಿ?” ಎಂದು ಕೇಳಿದಳು. ಮ್ಯಾನೇಜರ್ ಇಲ್ಲ ಎನ್ನಲು ಒಂದು ಕ್ಷಣ ತಡ ಮಾಡಿದ. ಆತ ನನಗೆ ಕೊಟ್ಟ ತರಬೇತಿ ಒಂದೇ ವಾಕ್ಯದ್ದು: “ಮೇಡಂ, ಗಿರಾಕಿಯನ್ನು ಹೆದರಿಸಬೇಡಿ, ಆದರೆ ನೀವು ಎದ್ದು ಬರುವಾಗ ಅವರು ಸ್ವಲ್ಪ ಹೆದರಿರಬೇಕು.” ತನಗೇ ಕಾದಿಟ್ಟ ರಕ್ತ ತನಗೇ ಬೇಕಾಗುವುದು ತೀರ ಅಪರೂಪ ಎಂಬ ಮಾತು ಬ್ರೋಶರಿನಲ್ಲಿ ಎಲ್ಲಿಯೂ ಇರಲಿಲ್ಲ. ಯಾರಾದರೂ ಕೇಳಿದರೆ ನಾನು ಹೇಳುತ್ತಿದ್ದೆ. ಅದಕ್ಕೇ ಮ್ಯಾನೇಜರ್ ನನ್ನನ್ನು ಮಾತಿಗೆ ಕಳಿಸದೆ ಹೆರಿಗೆಗೆ ಮಾತ್ರ ಕಳಿಸುತ್ತಿದ್ದ.

ಇನ್ನು ಐಸ್ ಬಗ್ಗೆ. ಶಹಾಬಾದಿನಲ್ಲಿ ಕುಲ್ಫಿ, ತಂಪು ಪಾನೀಯದ ಅಂಗಡಿಯವನೊಬ್ಬನ ಹೆಂಡತಿಗೆ ದಿನ ತುಂಬುವ ಮುಂಚೆಯೇ ಹೆರಿಗೆಯಾಯಿತು. ನಾನು ಚಿತ್ತಾಪುರದಲ್ಲಿದ್ದೆ. ಡಾಕ್ಟರೇ ರಕ್ತ ಇಳಿಸಿ ಚೀಲವನ್ನು ತಂದೆಯ ಕೈಗೆ ಕೊಟ್ಟು, ಸಿಸ್ಟರ್ ಬರುವವರೆಗೆ ಜೋಪಾನ ಎಂದಿದ್ದರು. ಜೋಪಾನ ಎಂದರೆ ಕುಲ್ಫಿಯವನಿಗೆ ಒಂದೇ ಅರ್ಥ. ನಾನು ಓಡಿ ಬಂದಾಗ ಆತ ಡೀಪ್ ಫ್ರೀಜರಿನ ಮುಚ್ಚಳ ತೆಗೆದು, ಮಲಾಯಿ ಕುಲ್ಫಿಯ ಅಡಿಯಿಂದ ಚೀಲ ಎತ್ತಿ, ಕಟ್ಟೆಯ ಕಲ್ಲಿನ ಮೇಲೆ ಟಣ್ ಎಂದು ಬಡಿದು ತೋರಿಸಿದ.

“ನೋಡ್ರಿ ಸಿಸ್ಟರ್, ಕಲ್ಲಿನಂಗ ಆಗ್ಯಾದ. ಒಂದು ಹನಿ ಕೆಟ್ಟಿಲ್ಲ.”

ಒಂದು ಹನಿಯೂ ಉಳಿದಿರಲಿಲ್ಲ. ನಾನು ಅವನಿಗೆ ಟೊಮೆಟೊ ಲೆಕ್ಕದಲ್ಲಿ ಹೇಳಿದೆ. ಟೊಮೆಟೊವನ್ನು ಫ್ರೀಜರಿನಲ್ಲಿಟ್ಟು ಆಮೇಲೆ ಹೊರಗಿಟ್ಟರೆ ಏನಾಗುತ್ತದೆ? ಸಿಪ್ಪೆ ಇರುತ್ತದೆ, ಒಳಗೆ ಬರೀ ನೀರು. ಕೋಶದೊಳಗಿನ ನೀರು ಗಡ್ಡೆಯಾಗುವಾಗ ಸೂಜಿಗಳಾಗುತ್ತದೆ, ಆ ಸೂಜಿ ಕೋಶದ ಗೋಡೆಯನ್ನು ಹರಿಯುತ್ತದೆ. ಪೆಟ್ಟಿಗೆಯಲ್ಲಿ ಐಸ್ ತಾಗಿದ ರಕ್ತದ್ದೂ ಇದೇ ಗತಿ. ಆತ ತಲೆ ಕೆರೆದುಕೊಂಡು ನ್ಯಾಯವಾದ ಪ್ರಶ್ನೆ ಕೇಳಿದ. “ನಿಮ್ಮ ಕಂಪನಿಯವ್ರೂ ಗಟ್ಟಿ ಮಾಡೂದೇ ಅಲ್ಲೇನ್ರಿ? ಅವರದು ಯಾವ ದೊಡ್ಡ ಫ್ರೀಜರು?”

ಆ ಪ್ರಶ್ನೆಗೆ ಉತ್ತರ ನನಗೆ ಹೈದರಾಬಾದಿನ ಲ್ಯಾಬಿನಲ್ಲಿ ಸಿಕ್ಕಿತ್ತು. ಅಲ್ಲಿನ ಹಿರಿಯ ತಂತ್ರಜ್ಞ ರಾವ್ ಎಂಬವರು ತರಬೇತಿಗೆ ಬಂದ ನಮ್ಮನ್ನು ಬೈಯುತ್ತಲೇ ಕಲಿಸಿದರು. ಚೀಲ ಬಂದ ಕೂಡಲೇ ಬೇಡದ ಕೆಂಪು ರಕ್ತ, ನೀರು ಕಳೆದು, ಉಳಿದದ್ದಕ್ಕೆ ಒಂದು ರಕ್ಷಕ ದ್ರವ ಬೆರೆಸುತ್ತಾರೆ. ಅದು ಕೋಶದೊಳಗೆ ಹೋಗಿ ನೀರನ್ನು ಸೂಜಿಯಾಗಲು ಬಿಡುವುದಿಲ್ಲ. ಆದರೆ ಬೆಚ್ಚಗಿದ್ದರೆ ಆ ದ್ರವವೇ ಕೋಶಕ್ಕೆ ವಿಷ. ಆದ್ದರಿಂದ ಬೆರೆಸಿದ ಮೇಲೆ ತಡ ಮಾಡುವಂತಿಲ್ಲ. ತಣಿಸುವಾಗ ಮಾತ್ರ ಅವಸರ ಮಾಡುವಂತಿಲ್ಲ, ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಆಮೇಲೆ ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗಿನ ದ್ರವ ಸಾರಜನಕದೊಳಗೆ ಇಳಿಸಿ ಮರೆತುಬಿಡಬೇಕು. ಮತ್ತೆ ತೆಗೆಯುವ ದಿನ ಬಂದರೆ ಬೆಚ್ಚನೆಯ ನೀರಿನಲ್ಲಿ ಲಗುಬಗೆಯಿಂದ ಕರಗಿಸಬೇಕು. ಅವಸರ, ನಿಧಾನ, ಮರೆವು, ಪುನಃ ಅವಸರ. ಗಂಡನ ಮನೆಯಲ್ಲಿ ವರ್ಷಗಟ್ಟಲೆ ಬಾಳಿದ ನನಗೆ ಈ ಕ್ರಮ ಹೊಸದೇನೂ ಅನ್ನಿಸಲಿಲ್ಲ.

“ಎಷ್ಟು ವರ್ಷ ಇಟ್ಟರೆ ಕೆಡುತ್ತದೆ ಸರ್?” ಎಂದು ಕೇಳಿದ್ದೆ.

“ವರ್ಷ ಏನೂ ಮಾಡುವುದಿಲ್ಲಮ್ಮಾ,” ಎಂದರು ರಾವ್. “ಪದೇ ಪದೇ ಮುಚ್ಚಳ ತೆಗೆದು ನೋಡುವವರಿದ್ದಾರಲ್ಲ, ಅವರು ಮಾಡುತ್ತಾರೆ.”

ಆ ಮಾತಿನ ಅರ್ಥ ಸಂಜೆಯೇ ತಿಳಿಯಿತು. ನಮ್ಮ ಮ್ಯಾನೇಜರ್ ಯಾರೋ ದೊಡ್ಡ ಗಿರಾಕಿಗಳನ್ನು ಕರೆತಂದು ಟ್ಯಾಂಕಿನ ಮುಚ್ಚಳ ಎತ್ತಿಸಿದ. ಬಿಳಿ ಹೊಗೆ ಉಕ್ಕಿತು, ಎಲ್ಲರೂ ಫೋಟೋ ತೆಗೆದರು. ಪ್ರತಿಸಲ ಹೀಗೆ ಮೇಲಿನ ಚೀಲಗಳಿಗೆ ಹೊರಗಿನ ಶೆಕೆ ಸೋಕುತ್ತದೆ, ಮತ್ತೆ ತಣಿಯುತ್ತವೆ, ಒಂದಷ್ಟು ಕೋಶಗಳು ಸದ್ದಿಲ್ಲದೆ ಸಾಯುತ್ತವೆ. ಹೊಗೆ ಕಂಡವರಿಗೆ ನಂಬಿಕೆ ಬಂತು, ನಂಬಿಕೆ ಬಂದಷ್ಟೂ ಒಳಗಿನದು ಕಡಿಮೆಯಾಯಿತು. ರಾವ್ ಒಂದು ದಿನ ಟ್ಯಾಂಕಿಗೆ ಬೀಗ ಜಡಿದು ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅವರ ಮೇಲೆ ದೂರು ಹೋಯಿತು, ಕೀಲಿ ಮಾತ್ರ ಅಲ್ಲಿಂದ ಕದಲಲಿಲ್ಲ.

ನನ್ನ ಕಾಲದಲ್ಲಿ ಬದಲಾದದ್ದು ಬಹಳ. ಮೊದಲು ಪೆಟ್ಟಿಗೆಯೊಳಗೆ ಕೈಯಿಟ್ಟು ಶೆಕೆ ನೋಡುತ್ತಿದ್ದೆವು, ಈಗ ಒಳಗೊಂದು ಯಂತ್ರ ಕೂತು ತಾಪ ಬರೆದಿಡುತ್ತದೆ, ಸುಳ್ಳು ಹೇಳಲು ಜಾಗವಿಲ್ಲ. ಮೊದಲು ಕೂಸು ಹುಟ್ಟಿದ ಕೂಡಲೇ ಬಳ್ಳಿಗೆ ಚಿಮಟ ಬೀಳುತ್ತಿತ್ತು. ಈಗ ಡಾಕ್ಟರುಗಳು ಸ್ವಲ್ಪ ಕಾಯುತ್ತಾರೆ, ಬಳ್ಳಿಯ ರಕ್ತ ಕೂಸಿಗೇ ಇಳಿಯಲಿ ಎಂದು. ಅದರಿಂದ ನಮ್ಮ ಚೀಲಕ್ಕೆ ಕಡಿಮೆ ಬೀಳುತ್ತದೆ. ಮ್ಯಾನೇಜರ್ ಇದನ್ನು ವ್ಯಾಪಾರಕ್ಕೆ ಪೆಟ್ಟು ಎಂದ. ಕೂಸಿನ ರಕ್ತ ಕೂಸಿಗೇ ಹೋದರೆ ಪೆಟ್ಟು ಹೇಗಾಗುತ್ತದೋ ನನಗೆ ನಿವೃತ್ತಿಯವರೆಗೂ ತಿಳಿಯಲಿಲ್ಲ.

ಇಷ್ಟೆಲ್ಲ ಚೀಲ ಕಳಿಸಿದ ನಾನು, ಟ್ಯಾಂಕಿನಿಂದ ಹೊರಬಂದು ಒಂದು ಜೀವದೊಳಗೆ ಇಳಿದದ್ದನ್ನು ಕಂಡದ್ದು ಒಂದನ್ನೇ. ಅದರದ್ದೇ ಕಥೆ ಹೇಳಬೇಕು.

ಸೇಡಂ ತಾಲೂಕಿನ ಮುಧೋಳದ ಮಲ್ಲಮ್ಮ ಎಂಬವರ ಮೊಮ್ಮಗಳು ಅಂಬಿಕಾ. ಆಗ ಐದು ವರ್ಷದವಳು. ಥಲಸ್ಸೀಮಿಯಾ. ಅವಳ ಎಲುಬಿನ ಮಜ್ಜೆ ಸರಿಯಾದ ಕೆಂಪು ರಕ್ತ ಮಾಡುತ್ತಿರಲಿಲ್ಲ, ಮೂರ್ನಾಲ್ಕು ವಾರಕ್ಕೊಮ್ಮೆ ಕಲಬುರಗಿಗೆ ಹೋಗಿ ಬೇರೆಯವರ ರಕ್ತ ಹಾಕಿಸಿಕೊಂಡು ಬರಬೇಕು. ಕೈಯಲ್ಲಿ ಸೂಜಿ ಚುಚ್ಚಲು ಜಾಗವೇ ಉಳಿದಿರಲಿಲ್ಲ. ತಾಯಿ ಸುಜಾತಾ ಮತ್ತೆ ಬಸುರಿಯಾದಾಗ ಡಾಕ್ಟರರು ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿರುವ ಕೂಸಿಗೆ ರೋಗವಿಲ್ಲ, ಅದರ ರಕ್ತ ಅಕ್ಕನಿಗೆ ಹೊಂದುತ್ತದೆ ಎಂದರು. ಈ ಹೆರಿಗೆಯ ಬಳ್ಳಿ ರಕ್ತ ಕಾದಿಟ್ಟರೆ ಅಂಬಿಕಾಳಿಗೆ ಹೊಸ ಮಜ್ಜೆ ಬೆಳೆಸಬಹುದು. ಅಲ್ಲಿಯವರೆಗೆ ನನ್ನ ಚೀಲಗಳೆಲ್ಲ ‘ಮುಂದೆಂದಾದರೂ’ ಎಂಬ ಊರಿಗೆ ಹೋಗುತ್ತಿದ್ದವು. ಈ ಚೀಲಕ್ಕಾಗಿ ಕಾಯುವವಳು ಹೆರಿಗೆಯ ದಿನ ಕೋಣೆಯ ಬಾಗಿಲಲ್ಲೇ ಕೂತು ಬಿಸ್ಕತ್ತು ತಿನ್ನುತ್ತಿದ್ದಳು.

ಸೇಡಂನ ಒಂದು ನರ್ಸಿಂಗ್ ಹೋಮಿನಲ್ಲಿ ಮುಂಜಾನೆ ಗಂಡು ಕೂಸು ಹುಟ್ಟಿತು. ಚೀಲ ಚೆನ್ನಾಗಿ ತುಂಬಿತು. ಬಿಸಿಲು ಆಗಲೇ ಏರಿತ್ತು. ಕಟ್ಟಡದಲ್ಲಿ ಎಸಿ ನಡೆಯುತ್ತಿದ್ದದ್ದು ಡಾಕ್ಟರರ ಕೋಣೆಯಲ್ಲಿ ಮಾತ್ರ, ಹಾಗಾಗಿ ಪೆಟ್ಟಿಗೆಯನ್ನು ಅಲ್ಲಿಟ್ಟು ಕೈ ತೊಳೆಯಲು ಹೋದೆ. ಬಂದು ನೋಡಿದರೆ ಪೆಟ್ಟಿಗೆ ಇಲ್ಲ.

ಅದು ಬಾಣಂತಿಯ ಕೋಣೆಯಲ್ಲಿ, ಮಲ್ಲಮ್ಮನ ತೊಡೆಯ ಮೇಲೆ, ಸೆರಗಿನಡಿ ಇತ್ತು.

“ಆಯಿ, ಅದು ಕೊಡ್ರಿ. ಗಾಡಿ ಟೈಮ್ ಆಗ್ಯಾದ,” ಎಂದೆ.

“ಐದನೇ ದಿನ ಆಗ್ಲಿ ಸಿಸ್ಟರ್. ಸಟವಿ ಪೂಜಾ ಮುಗೀಲಿ. ಆಮ್ಯಾಲ ಒಯ್ರಿ, ನಾ ಬ್ಯಾಡ ಅನ್ನಂಗಿಲ್ಲ.”

ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಕೂಸು ಹುಟ್ಟಿದ ಐದನೇ ದಿನ ಸಟವಿ ತಾಯಿ ಬಂದು ಹಣೆಬರಹ ಬರೆಯುತ್ತಾಳೆ. ಅವಳಿಗಾಗಿ ಕೂಸಿನ ತಲೆದಿಂಬಿನ ಬಳಿ ಖಾಲಿ ಕಾಗದ, ಪೆನ್ನು ಇಡುತ್ತಾರೆ. ಅಲ್ಲಿಯವರೆಗೆ ಕೂಸಿನದು ಯಾವುದೂ ಊರು ದಾಟಬಾರದೆಂಬುದು ಮಲ್ಲಮ್ಮನ ಮನೆಯ ಪದ್ಧತಿ. ನಮ್ಮಲ್ಲೂ ಆರನೇ ದಿನ ಛಟ್ಟಿ ಎಂದು ಮಾಡುತ್ತಾರೆ. ನನಗೆ ನಂಬಿಕೆಯಿಲ್ಲ. ಆದರೂ ನನ್ನ ಮಗಳ ಛಟ್ಟಿಯ ದಿನ ನಾನು ತೊಟ್ಟಿಲು ಬಿಟ್ಟು ಏಳಲಿಲ್ಲ ಎಂಬುದು ಬೇರೆ ಮಾತು.

“ಐದು ದಿನ ಇಟ್ರ ಒಳಗಿನ ಕೋಶ ಎಲ್ಲಾ ಸಾಯ್ತಾವ್ರಿ ಆಯಿ. ನಾಳೆ ಸಂಜಿಯೊಳಗ ಅಲ್ಲಿ ತಂಪಿಗಿ ಇಡಬೇಕು.”

“ಸಾಯ್ತಾವ ಅಂದ್ರ ಜೀವ ಅದ ಅಂದಂಗಾಯ್ತಲ್ರಿ. ಜೀವ ಇದ್ದದ್ದು ಪುರುಡಿನ್ಯಾಗ ಹ್ಯಾಂಗ ಹೊರಗ ಕಳಸ್ಲಿ?”

“ಅದು ಕೂಸಲ್ರಿ. ಬರೇ ರಗತ.”

“ಬರೇ ರಗತ ಆಗಿದ್ರ ರೈಲಿನ್ಯಾಗ ಕುಂದ್ರಿಸಿಕೊಂಡು ಹೈದರಾಬಾದಕ್ಕ ಯಾಕ ಒಯ್ಯಾಕತ್ತೀರಿ?”

ಅಳಿಯ, ಸುಜಾತಾಳ ಗಂಡ ಬಸವರಾಜ, ಗೋಡೆಗೆ ಅಂಟಿಕೊಂಡು, “ಅತ್ತಿ, ಡಾಕ್ಟರ್ ಹೇಳ್ಯಾರಲ್ರಿ” ಎಂದು ಶುರು ಮಾಡಿ, ಅತ್ತೆಯ ಕಣ್ಣು ನೋಡಿ ಅಲ್ಲಿಗೇ ಮುಗಿಸಿದ. ಡಾಕ್ಟರಮ್ಮನನ್ನು ಕರೆದೆ. ಅವರು ಸಾವಧಾನವಾಗಿ ಎಲ್ಲ ವಿವರಿಸಿದರು. ಮಲ್ಲಮ್ಮ ಪೂರ್ತಿ ಕೇಳಿ, “ನಿಮ್ಮ ಮಗಂದು ಸಟವಿ ಮಾಡಿದ್ರಿಲ್ರಿ ಡಾಕ್ಟರಮ್ಮ?” ಎಂದರು. ಮಾಡಿದ್ದೆವು ಎಂದು ಒಪ್ಪಿಕೊಂಡ ಡಾಕ್ಟರಿಗೆ ಆ ಕ್ಷಣವೇ ಇನ್ನೊಂದು ಪೇಷೆಂಟಿನ ನೆನಪಾಯಿತು. ಒಪ್ಪಿಗೆಯ ಸಹಿಗಳನ್ನು ಕಂಪನಿ ಗಂಡನಿಂದ ಪಡೆದಿತ್ತು, ಹೆಂಡತಿಯಿಂದ ಪಡೆದಿತ್ತು. ಯಾರ ಒಪ್ಪಿಗೆ ಬೇಕಿತ್ತೋ ಅವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ನನಗೆ ಸಿಟ್ಟು ಬಂತು. ಕಿತ್ತುಕೊಂಡು ಓಡಬಹುದಿತ್ತು. ಆದರೆ ಕಿತ್ತಾಟದಲ್ಲಿ ಚೀಲ ಒಡೆದರೆ? ಸುಜಾತಾ ಹಾಸಿಗೆಯಲ್ಲಿ ಮಗ್ಗುಲಾಗಿ ಅಳುತ್ತಿದ್ದಳು. ಆಗ ಬಾಗಿಲಲ್ಲಿ ಕೂತಿದ್ದ ಅಂಬಿಕಾ ಎದ್ದು ಬಂದು ಅಜ್ಜಿಯ ಮಂಡಿಗೆ ಒರಗಿ, “ಆಯಿ, ತಮ್ಮನ ರಗತ ಹಾಕ್ಕೊಂಡ್ರ ಮತ್ತ ಸೂಜಿ ಚುಚ್ಚಂಗಿಲ್ಲಂತ?” ಎಂದಳು.

ಮಲ್ಲಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದರು.

“ನಾ ಹಟಾ ಮಾಡ್ಲಿಕತ್ತೀನಿ ಅಂದ್ಕೊಂಡೀರಿ ನೀವು. ಇಕಿ ಹಣ್ಯಾಗ ಸಟವಿ ಏನು ಬರದಾಳ ನೋಡೀರಲ್ಲ. ಕೂಸಿಂದು ಇನ್ನಾ ಬರದಿಲ್ಲ. ಬರೀದ ರಗತ ಒಯ್ದು ಇಕಿ ಮೈಯಾಗ ಹಾಕಿದ್ರ, ಅದು ಯಾರ ಬರಹದಂಗ ನಡೀತದ? ಇಕಿದೇ ಬರಹ ಹಿಡೀತಂದ್ರ ಎರಡೂ ಕೂಸು ಹೋದಂಗಲ್ರಿ?”

ಇಂಥ ಪ್ರಶ್ನೆಯನ್ನು ಲ್ಯಾಬಿನ ತರಬೇತಿಯಲ್ಲಿ ಯಾರೂ ಕೇಳಿರಲಿಲ್ಲ. ಮೊಮ್ಮಗಳಿಗಾಗಿ, ಮೊಮ್ಮಗನಿಗಾಗಿ ಒಟ್ಟಿಗೇ ಹೆದರಿದ ಮುದುಕಿಯ ಮುಂದೆ ನಾನು ಗಾಡಿ ಟೈಮ್ ಎಂದು ಕೂಗಾಡುತ್ತಿದ್ದೆನಲ್ಲ ಎಂದು ಸಂಕಟವಾಯಿತು. ನೆಲದ ಮೇಲೆ ಅವರೆದುರು ಕೂತು, ಗೊತ್ತಿದ್ದದ್ದನ್ನೇ ಹೇಳಿದೆ.

“ಆಯಿ, ಇಕಿ ಎಲುಬಿನ್ಯಾಗ ಇರೂ ಕೋಶಕ್ಕ ತಪ್ಪು ಬರದದ್ದು ಅದ. ಅದರಂಗೇ ಅವು ದಿನಾ ತಪ್ಪು ರಗತ ಮಾಡ್ತಾವ. ಅವನ್ನ ತೆಗೆದು, ಆ ಜಾಗದಾಗ ಇವನ್ನ ಹಾಕ್ತಾರ. ಇವು ಏನಾಗಬೇಕು ಅಂತ ಇನ್ನಾ ನಿಶ್ಚಯ ಮಾಡಿಲ್ರಿ. ಕೆಂಪು ಆಗಬೇಕೋ, ಬಿಳಿ ಆಗಬೇಕೋ, ಏನೂ ಇಲ್ಲ. ಅದಕ್ಕೇ ಇವು ಬೇಕು.”

“ಅಂದ್ರ ಬರೀದದ್ದೇ ಬೇಕು ಅಂತೀರಿ.”

“ಹೌದ್ರಿ.”

“ಆಕಿ ಬರೂಕಿಂತ ಮೊದ್ಲೇ ಒಯ್ದು ಮುಚ್ಚಿಡಬೇಕು.”

ಅದು ನನ್ನ ಮಾತಾಗಿರಲಿಲ್ಲ. ಆದರೆ ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. “ಹೌದ್ರಿ,” ಎಂದೆ.

“ಅಲ್ಲಿಗಿ ಆಕಿ ಬರಂಗಿಲ್ಲ?”

ನನಗೆ ಟ್ಯಾಂಕಿನ ಬಿಳಿ ಹೊಗೆ ನೆನಪಾಯಿತು. ರಾವ್ ಅವರ ಜನಿವಾರದ ಕೀಲಿಯೂ ನೆನಪಾಯಿತು. “ಅಲ್ಲಿಗಿ ಯಾರೂ ಬರಂಗಿಲ್ಲ ಆಯಿ. ಬೀಗ ಹಾಕ್ಯಾರ. ಕೈ ಇಟ್ರ ಬೆರಳು ಉದುರ್ತಾವ, ಅಷ್ಟು ತಂಪು.”

ಮಲ್ಲಮ್ಮ ಸೆರಗು ತೆಗೆದರು. ಪೆಟ್ಟಿಗೆಯ ಮುಚ್ಚಳಕ್ಕೆ ಮೂರು ಬೆರಳು ವಿಭೂತಿ ಎಳೆದು ನನ್ನ ಕೈಗಿಟ್ಟರು. “ಮತ್ತ ಯಾಕ ಕುಂತೀರಿ? ಆಕಿ ಬರೂದ್ರಾಗ ಮುಟ್ಟಿಸ್ರಿ ಜಲ್ದಿ.” ಇಷ್ಟು ಹೊತ್ತು ತಡ ಮಾಡಿದವಳು ನಾನೇ ಎನ್ನುವಂತಿತ್ತು ಆ ದನಿ.

ಎಂದಿನಂತೆ ಕೊರಿಯರಿನವನ ಕೈಗೆ ಕೊಡಲು ಮನಸ್ಸಾಗಲಿಲ್ಲ, ನಾನೇ ಗಾಡಿ ಹತ್ತಿದೆ. ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿನಿಂದ ದೂರ ಮಡಿಲಲ್ಲಿಟ್ಟುಕೊಂಡು ಕೂತೆ. ಕುರಕುಂಟಾ ದಾಟುವಾಗ ಎದುರಿನವನು, “ಮೀನೇನ್ರಿ?” ಎಂದ. ಹೌದೆಂದೆ. ಥರ್ಮೋಕೋಲ್ ಮೇಲಿನ ವಿಭೂತಿ ನೋಡಿ ಆತ ತಾಂಡೂರಿನವರೆಗೂ ನನ್ನ ಮುಖ, ಪೆಟ್ಟಿಗೆಯ ಮುಖ ನೋಡುತ್ತಲೇ ಇದ್ದ. ಲ್ಯಾಬಿನಲ್ಲಿ ರಾವ್ ವಿಭೂತಿ ಕಂಡು, “ಹೊರಗಿದ್ದರೆ ನನ್ನ ಅಭ್ಯಂತರವಿಲ್ಲ” ಎಂದು ಚೀಲ ಒಳಗೆ ಒಯ್ದರು.

ಎರಡು ವರ್ಷ ಕಳೆದು, ತಮ್ಮ ನಡೆಯಲು ಕಲಿತು, ಅಕ್ಕನ ಚಿಕಿತ್ಸೆಗೆ ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ದಿನ ನಿಶ್ಚಯವಾಯಿತು. ನನ್ನ ತಲೆಯಲ್ಲಿ ಮ್ಯಾನೇಜರನ ಹೊಗೆಯ ಫೋಟೋಗಳೇ ತಿರುಗುತ್ತಿದ್ದವು. ಚೀಲಕ್ಕೊಂದು ಸಣ್ಣ ಬಾಲವಿರುತ್ತದೆ, ಅದರಲ್ಲೂ ಅದೇ ರಕ್ತ. ಮೊದಲು ಬಾಲ ಕತ್ತರಿಸಿ, ಕರಗಿಸಿ, ಎಷ್ಟು ಜೀವಂತವಿವೆ ನೋಡುತ್ತಾರೆ. ಆ ದಿನ ನಾನು ಫೋನ್ ಹಿಡಿದುಕೊಂಡೇ ಅಡುಗೆ ಮಾಡಿದೆ, ಸಾರಿಗೆ ಎರಡು ಸಲ ಉಪ್ಪು ಬಿತ್ತು. ರಾವ್ ಸಂಜೆ ಫೋನ್ ಮಾಡಿ, “ಚೆನ್ನಾಗಿ ನಿದ್ದೆ ಮಾಡಿವೆಯಮ್ಮಾ, ಎದ್ದು ಕೂತಿವೆ” ಎಂದರು. ಬೈಗುಳವಿಲ್ಲದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಂಬಿಕಾಳ ಹಳೆಯ ಮಜ್ಜೆಯನ್ನು ಔಷಧದಿಂದ ಖಾಲಿ ಮಾಡಿ ಅವಳನ್ನು ಗಾಜಿನ ಕೋಣೆಯಲ್ಲಿಟ್ಟಿದ್ದರು. ಈಗ ಚೀಲ ಕೈಕೊಟ್ಟರೆ ಹಿಂದಕ್ಕೆ ದಾರಿಯಿಲ್ಲ. ಕುಟುಂಬದವರು ಕರೆದಿದ್ದರಿಂದ ನಾನೂ ಹೋಗಿದ್ದೆ. ಬೆಚ್ಚನೆಯ ನೀರಿನಲ್ಲಿ ಚೀಲ ಕರಗಿತು, ಸ್ವಲ್ಪ ಹೊತ್ತಿನಲ್ಲೇ ಅದು ಅವಳ ಮೈಗೆ ಇಳಿದೂ ಆಯಿತು. ಇಷ್ಟು ವರ್ಷದ ಗೌಜಿಗೆ ಹೋಲಿಸಿದರೆ ನೋಡಲು ಏನೂ ಇರಲಿಲ್ಲ.

ಫಲ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಕಾಯಿಸುವ ಚಟ ನನಗಿಲ್ಲ. ಕೆಲವು ವಾರ ಕಳೆದ ಮೇಲೆ ಅವಳ ರಕ್ತದಲ್ಲಿ ತಮ್ಮನ ಕೋಶಗಳು ಕಾಣಿಸಿಕೊಂಡವು. ಜ್ವರ ಬಂತು, ಹೆದರಿಸಿತು, ಹೋಯಿತು. ಈಗ ಸೇಡಂನಲ್ಲಿ ಹೈಸ್ಕೂಲು ಓದುತ್ತಿದ್ದಾಳೆ. ತಮ್ಮನೊಂದಿಗೆ ಜಗಳವಾದಾಗ ಅವನು, “ನನ್ನ ರಗತ ನಂಗ ಕೊಡು” ಎನ್ನುತ್ತಾನಂತೆ. ಕಂಪನಿಯ ಹೊಸ ಬ್ರೋಶರಿನಲ್ಲಿ ಈಗಲೂ ನೀಲಿ ಕಣ್ಣಿನ ಕೂಸೇ ಇದೆ.

ಆದರೆ ನನಗೆ ನೆನಪಿರುವುದು ಫಲ ಗೊತ್ತಿಲ್ಲದಿದ್ದ ಆ ವಾರ. ರಕ್ತ ಇಳಿಸಿದ ದಿನ ಗಾಜಿನ ಬಾಗಿಲು ತೆರೆದಾಗೆಲ್ಲ ಬೆಳ್ಳುಳ್ಳಿಯ ಘಾಟು ಬರುತ್ತಿತ್ತು. ಆ ರಕ್ಷಕ ದ್ರವ ಉಸಿರಿನಲ್ಲಿ ಹೊರಬೀಳುವಾಗ ಹಾಗೆಯೇ ವಾಸನೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಲ್ಲಮ್ಮ ಮೂಗು ಎತ್ತಿದರು.

“ಬಾಣಂತಿ ಕೋಣಿ ವಾಸನಿ,” ಎಂದರು. ನಾನು ಕಾರಣ ವಿವರಿಸಲು ಹೊರಟೆ, ಅವರು ಕೇಳಲಿಲ್ಲ. ಬೆರಳು ಮಡಚಿ ದಿನ ಎಣಿಸುತ್ತಿದ್ದರು.

ಐದನೇ ದಿನ ನಾನು ಹೋದಾಗ ಗಾಜಿನ ಕೋಣೆಯ ಹೊರಗೊಂದು ಸ್ಟೂಲಿತ್ತು. ಅದರ ಮೇಲೆ ಬಿಳಿ ಕಾಗದ, ಕುಂಕುಮ, ಒಂದು ಬಾಳೆಹಣ್ಣು. ವಾರ್ಡಿನ ನರ್ಸ್ ಮೊದಲು ತೆಗೆಯಿರಿ ಎಂದಿದ್ದಳಂತೆ. ಆಮೇಲೆ ಅವಳೇ ಸ್ಟೂಲನ್ನು ಟ್ರಾಲಿಗೆ ದಾರಿಯಾಗುವಂತೆ ಒಂದು ಬದಿಗೆ ಸರಿಸಿ ಇಟ್ಟಿದ್ದಳು. ಗಾಜಿನ ಆಚೆ ಕೂದಲೆಲ್ಲ ಉದುರಿದ ಅಂಬಿಕಾ, ಆಗತಾನೆ ಹುಟ್ಟಿದವಳಂತೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಸ್ಟೂಲಿನ ಮೇಲೆ ಏನೋ ಕಡಿಮೆ ಇದೆ ಅನ್ನಿಸಿತು. ನನ್ನ ಜೇಬಿನಿಂದ ಪೆನ್ನು ತೆಗೆದೆ.

“ಆಯಿ, ಪೆನ್ನು ಇಡೂದು ಮರ್ತೀರಿ. ತೊಗೋರಿ, ನಂದು ಇಡ್ರಿ.”

ಮಲ್ಲಮ್ಮ ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

“ಮರ್ತಿಲ್ಲ ಸಿಸ್ಟರ್. ಬರ್ಲಿ ಆಕಿ. ಬಾಳಿಹಣ್ಣು ತಿನ್ಲಿ, ಹೋಗ್ಲಿ. ಒಮ್ಮೆ ಬರದಾಳಲ್ಲ, ಅಷ್ಟು ಸಾಕು.”

ನಾನು ಪೆನ್ನನ್ನು ಮತ್ತೆ ಜೇಬಿಗೆ ಹಾಕಿಕೊಂಡು ಅವರ ಪಕ್ಕ ಬೆಂಚಿನ ಮೇಲೆ ಕೂತೆ.